ಮೂಲೆಯಂಗಡಿ ಮುಚ್ಚಿದ ದಿನ

ಪರದೆಯ ಮೇಲೆ ಮೂಡಿದ ಚಿತ್ರದಲ್ಲಿ ಅಕ್ಕನ ಅಂಗಡಿ ಮುಚ್ಚಿತ್ತು. ನೀಲಿ ಷಟರು, ಅದರ ಮೇಲೆ ಅರ್ಧ ಅಳಿಸಿಹೋದ ಇಸ್ತ್ರಿಪೆಟ್ಟಿಗೆಯ ಚಿತ್ರ, ಕೆಳಗೆ ಎರಡು ಕಡೆ ಬೀಗ. ಅವಳು ಎರಡನೆಯ ಸಲ ನೋಡಬೇಕಾಗಿಯೇ ಇರಲಿಲ್ಲ. ಅಪ್ಪ ಇದ್ದಾಗ ಬೆಳಿಗ್ಗೆ ಆ ಷಟರು ಎತ್ತುವುದು ಅಕ್ಕನ ಕೆಲಸ, ಸಂಜೆ ಅದಕ್ಕೆ ಜೋತುಬಿದ್ದು ಇಳಿಸುವುದು ತಂಗಿಯಾದ ಅವಳ ಕೆಲಸ. ಚಿತ್ರದ ಕೆಳಗೆ ಯಾರೋ ಬರೆದಿದ್ದರು: "ಮೂಲೆಯಂಗಡಿ ಹಾಡಹಗಲೇ ಮುಚ್ಚಿದೆ. ಏನೋ ಇದೆ."

"ನೋಡಿ, ಗಿಣಿ ರೆಕ್ಕೆ ಬಡೀತಾ ಇದೆ," ಎಂದ ಪಕ್ಕದ ಕುರ್ಚಿಯ ಗಣಿತದವನು. ಅವನ ದನಿಯಲ್ಲಿ ಖುಷಿಯಿತ್ತು. "ಬೆಳಿಗ್ಗೆ ಮೂವತ್ತೆಂಟು ಇದ್ದಿದ್ದು ಆಗಲೇ ಐವತ್ತು ದಾಟಿದೆ. ಯಾವುದೋ ಇಸ್ತ್ರಿ ಅಂಗಡಿ ಇರೋ ಬೀದಿ. ನಿಮಗೆ ಆ ಕಡೆ ಗೊತ್ತಾ?"

"ಗೊತ್ತು," ಎಂದಳು.

ಗಿಣಿ ಎಂದರೆ ಯಂತ್ರ. ಊರಿನ ಜನ ತಂತಮ್ಮ ಫೋನುಗಳಲ್ಲಿ ಎಲ್ಲರಿಗೂ ಕಾಣುವಂತೆ ಬರೆದದ್ದನ್ನು, ಹಾಕಿದ ಚಿತ್ರಗಳನ್ನು ಓದಿ, ಯಾವ ಬೀದಿಯಲ್ಲಿ ಗಲಾಟೆ ಏಳುವ ಸಂಭವ ನೂರಕ್ಕೆ ಎಷ್ಟು ಎಂದು ಮೊದಲೇ ಹೇಳುವ ಯಂತ್ರ. ಸರ್ಕಾರಿ ಕಾಗದಗಳಲ್ಲಿ ಅದಕ್ಕೆ ಬಾಯಿ ತುಂಬುವಂಥ ಹೆಸರಿತ್ತು. ಆದರೆ ಪೊಲೀಸ್ ಕಚೇರಿಯ ಕೆಳಮಹಡಿಯ ಪೇದೆಗಳು, ಮೇಲಿನ ಈ ಕೊಠಡಿಗೆ "ಗಿಣಿಶಾಸ್ತ್ರ" ಎಂದು ನಾಮಕರಣ ಮಾಡಿ ನಕ್ಕ ಮೇಲೆ, ಒಳಗಿದ್ದವರ ಬಾಯಲ್ಲೂ ಅದೇ ನಿಂತಿತು. ಗಣಿತದವನು ಗಿಣಿಗೆ ಲೆಕ್ಕ ಕಲಿಸಿದವನು. ಅವಳು ಓದುವವಳು. ಇದು ಸಿಟ್ಟು, ಇದು ಬರೀ ತಮಾಷೆ, ಇದು ಗಂಡ ಹೆಂಡತಿ ಜಗಳ, ಊರಿಗೆ ಸಂಬಂಧವಿಲ್ಲ ಎಂದು ಎರಡು ವರ್ಷದಿಂದ ಒಂದೊಂದೇ ಮಾತು ಹೆಕ್ಕಿ ಗಿಣಿಗೆ ತೋರಿಸುತ್ತ ಬಂದವಳು. ಗಿಣಿ ಹೇಳಿದ ಅಂಕಿ ಪೊಲೀಸ್ ಸಾಹೇಬರ ಮೇಜಿಗೆ ಹೋಗುವ ಮೊದಲು ಓದುವವರ ಒಪ್ಪಿಗೆ ಬೀಳಬೇಕು ಎಂಬ ನಿಯಮವಿತ್ತು. ಇವತ್ತು ಆ ಒಪ್ಪಿಗೆ ಅವಳ ಕೈಯಲ್ಲಿತ್ತು.

ಬೆಳಿಗ್ಗೆಯೇ ಗಿಣಿಯ ಪಟ್ಟಿಯಲ್ಲಿ ಅವಳು ತನ್ನ ತವರಿನ ಬೀದಿಯನ್ನು ಕಂಡಿದ್ದಳು. ರಸ್ತೆ ಅಗಲ ಮಾಡಬೇಕೆಂದು ನಗರಸಭೆಯವರು ಅಲ್ಲಿನ ಅಂಗಡಿಗಳ ಗೋಡೆಗೆ ಒಡೆಯುವ ಗುರುತಿನ ಹಳದಿ ಗೆರೆ ಬಳಿದು ಹೋಗಿದ್ದರು. ಜನಕ್ಕೆ ಸಿಟ್ಟಿತ್ತು, ಫೋನಿನಲ್ಲಿ ತಾವೇ ಮಾಡಿಕೊಂಡಿದ್ದ ಬೀದಿಯ ಪುಟದಲ್ಲಿ ಬಾಯಿಗೆ ಬಂದದ್ದನ್ನು ಬರೆದುಕೊಂಡು ಅದನ್ನು ಕಾರಿಕೊಳ್ಳುತ್ತಿದ್ದರು. ಮೂವತ್ತೆಂಟು ಅಂಥ ಹೆದರುವ ಅಂಕಿಯೇನಲ್ಲ. ಬೇರೆ ಯಾವ ಬೀದಿಯಾಗಿದ್ದರೂ ಅವಳು ಒಪ್ಪಿಗೆ ಒತ್ತಿ ನೀರು ಕುಡಿಯಲು ಎದ್ದುಹೋಗುತ್ತಿದ್ದಳು. ಆದರೆ ಕರುಳು ಲೆಕ್ಕ ಕೇಳುವುದಿಲ್ಲವಲ್ಲ. ತಲೆನೋವೆಂದು ಸುಳ್ಳು ಹೇಳಿ ಕೆಳಗಿಳಿದು, ಕೊಠಡಿಯ ನಿಯಮದಂತೆ ಬಾಗಿಲಲ್ಲಿ ಒಪ್ಪಿಸಿದ್ದ ತನ್ನ ಫೋನು ಬಿಡಿಸಿಕೊಂಡು, ಹಿಂದಿನ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದ್ದಳು. ಕೊಠಡಿಯ ವಿಷಯ ಹೊರಗೆ ಉಸಿರೆತ್ತಿದರೆ ಕೆಲಸ ಹೋಗುತ್ತದೆ ಎಂಬ ಕಾಗದಕ್ಕೆ ಅವಳೇ ಸಹಿ ಹಾಕಿದ್ದಳು.

"ಅಕ್ಕಾ, ಇವತ್ತು ಮಧ್ಯಾಹ್ನವೇ ಅಂಗಡಿ ಬಾಗಿಲು ಹಾಕ್ಬಿಡು."

"ಯಾಕೇ ಪುಟ್ಟಿ? ಏನಾಯ್ತು?"

"ಏನೂ ಆಗಿಲ್ಲ. ಏನಾದ್ರೂ ಆದೀತು ಅಂತ ಅಷ್ಟೇ. ಯಾರಿಗೂ ಹೇಳ್ಬೇಡ. ಭಾವಂಗೂ ಹೇಳ್ಬೇಡ. ನನ್ನಾಣೆ."

ಅಕ್ಕನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಎಂದು ಅಮ್ಮ ಬೈಯುತ್ತಿದ್ದಳು. ಅದಕ್ಕೇ ಆಣೆ ಹಾಕಿದ್ದು. ಅಕ್ಕ ಹೇಳಿದಂತೆಯೇ ಮಾಡಿದ್ದಳು. ಮಧ್ಯಾಹ್ನ ಷಟರು ಎಳೆದು, ಬೀಗ ಹಾಕಿ, ಹಿಂದಿನ ಬಾಗಿಲಿಂದ ಹೋಗಿ ಒಳಗೆ ಕೂತಿದ್ದಳು. ತಂಗಿ ಮರೆತದ್ದು ಬೇರೆ. ಆ ಬೀದಿಯಲ್ಲಿ ಮೂಲೆಯಂಗಡಿಗೆ ಮಾತ್ರ ದೊಡ್ಡ ರಸ್ತೆ ಕಾಣುತ್ತದೆ. ಮೆರವಣಿಗೆ ಬರಲಿ, ಪೊಲೀಸರು ಬರಲಿ, ನಗರಸಭೆಯ ಲಾರಿ ಬರಲಿ, ಮೊದಲು ಕಾಣುವುದು ಮೂಲೆಯಂಗಡಿಯವರಿಗೆ. ಅವರು ಷಟರು ಎಳೆದರೆ ಪಕ್ಕದವರು ಎಳೆಯುತ್ತಾರೆ, ಪಕ್ಕದವರದು ನೋಡಿ ಆಚೆಯವರು. ಕಾರಣ ಆಮೇಲೆ ಕೇಳಿಕೊಂಡರಾಯಿತು. ಅಪ್ಪನ ಕಾಲದಿಂದ ನಡೆದು ಬಂದದ್ದು ಇದು. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದ ಮಹಾ ಬುದ್ಧಿವಂತೆ, ಊರಿನ ನಾಡಿ ಹಿಡಿದು ಸಂಬಳ ಎಣಿಸುವವಳು, ಅಷ್ಟನ್ನು ಮರೆತುಬಿಟ್ಟಿದ್ದಳು.

ಪರದೆಯಲ್ಲಿ ಚಿತ್ರಗಳು ಒಂದರ ಹಿಂದೊಂದು ಬರತೊಡಗಿದವು. ಚಪ್ಪಲಿ ಅಂಗಡಿ ಮುಚ್ಚಿತು. ಟೀ ಅಂಗಡಿ ಮುಚ್ಚಿತು. "ಯಾಕೆ ಮುಚ್ತಿದಾರೆ?" ಎಂದು ಒಬ್ಬ ಕೇಳಿದ. "ಬುಲ್ಡೋಜರ್ ಬರತ್ತೇನೋ," ಎಂದು ಇನ್ನೊಬ್ಬ ಬರೆದ. ಸ್ವಲ್ಪ ಹೊತ್ತಿಗೆ ಆ "ಏನೋ" ಬಿದ್ದುಹೋಗಿ ಬುಲ್ಡೋಜರ್ ಬರುತ್ತದೆ ಎಂದಾಯಿತು. ಆಮೇಲೆ ಅದು ಇವತ್ತೇ ಬರುತ್ತದೆ ಎಂದಾಯಿತು, ಹೊರಟಿದೆ ಎಂದೂ ಆಯಿತು. ಅಂಗಡಿ ಉಳಿಸಿಕೊಳ್ಳಬೇಕಾದವರೆಲ್ಲ ಮೂಲೆಗೆ ಬನ್ನಿ ಎಂದು ಯಾರೋ ಕರೆದರು. ಗಿಣಿ ಅರವತ್ತು ದಾಟಿತು. ಅರವತ್ತು ದಾಟಿದರೆ ಯಾರನ್ನೂ ಕೇಳದೆ ಎರಡು ವ್ಯಾನು ಕಳಿಸಬೇಕೆಂದು ಕೆಳಮಹಡಿಗೆ ಅಪ್ಪಣೆಯಿತ್ತು. ವ್ಯಾನುಗಳು ಹೋದವು. ಬೀದಿಯವರು ವ್ಯಾನುಗಳ ಚಿತ್ರ ತೆಗೆದು ಹಾಕಿದರು. "ನೋಡಿ, ಪೊಲೀಸರೂ ಬಂದ್ರು, ಸುಳ್ಳು ಅಂದ್ರಲ್ಲ." ಆ ಚಿತ್ರಗಳನ್ನೂ ಗಿಣಿಯೇ ಓದಿತು.

"ಎಪ್ಪತ್ತೊಂದು," ಎಂದ ಗಣಿತದವನು. "ನಮ್ಮ ಗಿಣಿ ಈ ಸಲ ಮಾನ ಉಳಿಸಿತು. ಒತ್ತಿ, ಒತ್ತಿ."

ಹೋದ ತಿಂಗಳು ಇನ್ನೊಂದು ಬಡಾವಣೆಯಲ್ಲಿ ಗಿಣಿ ಏನೂ ಇಲ್ಲ ಎಂದಿತ್ತು, ಅವತ್ತು ಸಂಜೆಯೇ ಅಲ್ಲಿ ಮೂರು ಅಂಗಡಿ ಸುಟ್ಟುಹೋಗಿದ್ದವು. ಮೇಲಿನವರ ಮುಂದೆ ಸಾಹೇಬರು ತಲೆ ತಗ್ಗಿಸಿ ನಿಂತು ಬಂದಿದ್ದರು. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾನೆ. ಈಗ ಒಪ್ಪಿಗೆ ಬಿದ್ದರೆ ಇನ್ನೂ ಹತ್ತು ವ್ಯಾನು ಹೋಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಹತ್ತು ವ್ಯಾನುಗಳ ಚಿತ್ರಗಳು ಬರುತ್ತವೆ, ಅಂಕಿ ಇನ್ನೂ ಏರುತ್ತದೆ, ಕೊನೆಗೆ ಬೀದಿ ಹೊತ್ತಿಕೊಂಡೇ ತೀರುತ್ತದೆ. ಆಗ ಎಲ್ಲರೂ ಗಿಣಿಯ ಬೆನ್ನು ತಟ್ಟುತ್ತಾರೆ. ಒಪ್ಪಿಗೆ ಒತ್ತದೆ ಕೂತರೆ ಯಾಕೆಂದು ಕೇಳುತ್ತಾರೆ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡಂತೆ ಅವಳು ಕೂತಳು.

ಸಾಹೇಬರು ತಾವೇ ಎದ್ದು ಬಂದರು. ಮೆಲುದನಿಯ ಮನುಷ್ಯ, ಯಾರನ್ನೂ ಏಕವಚನದಲ್ಲಿ ಕರೆದವರಲ್ಲ.

"ಒಪ್ಪಿಗೆ ಯಾಕೆ ಬಂದಿಲ್ಲ?"

"ಈ ಅಂಕಿ ನಂಬೋ ಹಾಗಿಲ್ಲ ಸರ್."

"ಗಿಣಿ ತಪ್ಪಾಗಿ ಓದಿದೆಯಾ?"

"ಇಲ್ಲ ಸರ್. ಸರಿಯಾಗೇ ಓದಿದೆ. ಜನ ಹೆದರಿದಾರೆ, ಅದಕ್ಕೆ ಹೆದರಿದಾರೆ ಅಂತಿದೆ. ಅವರನ್ನ ಹೆದರಿಸಿದ್ದು ನಾನು."

ಬೆಳಗಿನ ಫೋನಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಹೇಳುವಾಗ ಗಣಿತದವನು ತನ್ನ ಕುರ್ಚಿಯನ್ನು ಒಂದು ಗೇಣು ಆಚೆ ಸರಿಸಿದ್ದು ಅವಳಿಗೆ ಕಂಡಿತು. ಸಾಹೇಬರು ಮಧ್ಯೆ ಬಾಯಿ ಹಾಕದೆ ಕೇಳಿದರು.

"ನೀವು ಹೇಳ್ತಿರೋದು ನಿಜವೇ ಇರಬಹುದು," ಎಂದರು. "ಆದ್ರೆ ಈಗ ಆ ಮೂಲೆಯಲ್ಲಿ ಮುನ್ನೂರು ನಾನೂರು ಜನ ನಿಂತಿರೋದೂ ನಿಜ. ಅವರ ಕೈಗೆ ಕಲ್ಲು ಬಂದ ಮೇಲೆ, ಗಾಳಿಸುದ್ದಿ ಹುಟ್ಟಿದ್ದು ಯಾರ ಬಾಯಲ್ಲಿ ಅಂತ ಯಾರೂ ಕೇಳಲ್ಲ."

"ವ್ಯಾನು ವಾಪಸ್ ಕರೆಸಿ ಸರ್. ಅವನ್ನ ನೋಡೇ ಇನ್ನೂ ಸೇರ್ತಿದಾರೆ."

"ಕರೆಸ್ತೀನಿ ಅಂತಿಟ್ಟುಕೊಳ್ಳಿ. ಆಮೇಲೆ ಒಂದು ಅಂಗಡಿಗೆ ಬೆಂಕಿ ಬಿದ್ರೆ? ಅದು ನಿಮ್ಮ ಅಕ್ಕಂದೇ ಆದ್ರೆ?"

ಸಾಹೇಬರು ಕೆಟ್ಟವರಾಗಿದ್ದರೆ ಒಳ್ಳೆಯದಿತ್ತು ಎಂದು ಅವಳಿಗೆ ಅನ್ನಿಸಿತು. ಬೈದುಕೊಳ್ಳಬಹುದಿತ್ತು.

"ನಾನು ಹೋಗಿ ಅಂಗಡಿ ತೆಗೆಸ್ತೀನಿ ಸರ್."

"ಒಂದು ಇಸ್ತ್ರಿ ಅಂಗಡಿ ತೆಗೆದ್ರೆ ಬೀದಿ ತಣ್ಣಗಾಗತ್ತಾ?"

"ಮುಚ್ಚಿದ್ದಕ್ಕೇ ಬಿಸಿಯಾಯ್ತಲ್ಲ ಸರ್."

ಸಾಹೇಬರು ನಗಲಿಲ್ಲ. ಕೈ ಚಾಚಿದರು. ಏನು ಬೇಕೆಂದು ಅವಳಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. ಕೊರಳಿನ ಗುರುತಿನ ಚೀಟಿ ತೆಗೆದು ಅವರ ಅಂಗೈಯಲ್ಲಿಟ್ಟಳು. "ಬೀದಿ ದೀಪ ಹತ್ತೋವರೆಗೂ ನಮ್ಮವರನ್ನ ನಿಂತಲ್ಲೇ ನಿಲ್ಲಿಸಿರ್ತೀನಿ," ಎಂದರು. "ಕತ್ತಲಾದ ಮೇಲೆ ಜನ ಅಲ್ಲಿರೋ ಹಾಗಿಲ್ಲ. ಹೋಗಿ ಅಂದ್ರೆ ಹೋಗ್ಬೇಕು, ಇಲ್ಲಾಂದ್ರೆ ಲಾಠಿ. ಇಷ್ಟೇ ನನ್ನ ಕೈಯಲ್ಲಿರೋದು."

ದೊಡ್ಡ ರಸ್ತೆಯ ತಿರುವಿನಲ್ಲೇ ಆಟೋದವನು ಇಳಿಸಿಬಿಟ್ಟ, ಮುಂದೆ ಬರುವುದಿಲ್ಲ ಎಂದ. ವ್ಯಾನುಗಳ ಪಕ್ಕ ಶಿರಸ್ತ್ರಾಣ ಹಾಕಿಕೊಂಡ ಪೊಲೀಸರು ಸಾಲಾಗಿ ನಿಂತಿದ್ದರು. ಹೆಚ್ಚಿನವರು ಚಿಕ್ಕ ವಯಸ್ಸಿನವರು, ಬೆವರಿದ್ದರು. ಅವರಿಂದ ಒಂದು ಕಲ್ಲೆಸೆತದ ದೂರದಲ್ಲಿ ಜನ. ಘೋಷಣೆ ಕೂಗಾಟ ಏನೂ ಇರಲಿಲ್ಲ. ಅದೇ ಅವಳಿಗೆ ಹೆಚ್ಚು ಭಯ ಹುಟ್ಟಿಸಿದ್ದು. ಪ್ರತಿಯೊಬ್ಬರೂ ಫೋನು ಎತ್ತಿ ಹಿಡಿದು ಪೊಲೀಸರ ಚಿತ್ರ ತೆಗೆಯುತ್ತಿದ್ದರು.

ಭಾವ ಮುಂದಿನ ಸಾಲಿನಲ್ಲಿದ್ದ. ಇರುವೆ ಸಾಲು ಕಂಡರೆ ದಾಟಿಕೊಂಡು ಹೋಗುವ ಮನುಷ್ಯ, ಕೈಯಲ್ಲಿ ಕಬ್ಬಿಣದ ಸರಳು ಹಿಡಿದು ನಿಂತಿದ್ದ. ಹಿಡಿಯಲು ಬರದೆ ಅದನ್ನು ಕೊಡೆಯಂತೆ ಹಿಡಿದುಕೊಂಡಿದ್ದ.

"ನೀನ್ಯಾಕೆ ಬಂದೆ ಇಲ್ಲಿಗೆ? ಒಳಗೆ ಹೋಗು. ಬುಲ್ಡೋಜರ್ ಬರತ್ತಂತೆ."

"ಬರಲ್ಲ ಭಾವ."

"ನಿಂಗೆ ಹೇಗೆ ಗೊತ್ತು?"

ಅವಳು ಉತ್ತರ ಕೊಡದೆ ಓಣಿಗೆ ತಿರುಗಿ ಹಿಂದಿನ ಬಾಗಿಲು ತಟ್ಟಿದಳು.

ಅಂಗಡಿಯೊಳಗೆ ದೀಪವಿರಲಿಲ್ಲ. ತಂತಿಗೆ ತೂಗುಹಾಕಿದ ಗಿರಾಕಿಗಳ ಅಂಗಿಗಳ ನಡುವೆ ಅಕ್ಕ ಸ್ಟೂಲಿನ ಮೇಲೆ ಮುದುಡಿ ಕೂತಿದ್ದಳು. ತಂಗಿಯನ್ನು ನೋಡಿದ್ದೇ ಕೈ ಹಿಡಿದುಕೊಂಡಳು.

"ನಾನು ಯಾರಿಗೂ ಹೇಳ್ಲಿಲ್ಲ ಕಣೇ, ನಿನ್ನಾಣೆಗೂ. ಟೀ ಅಂಗಡಿಯವಳು ಬಂದು ಕೇಳಿದ್ಲು. ಚಪ್ಪಲಿ ಅಂಗಡಿ ಅಜ್ಜ ಎರಡು ಸಲ ಬಂದ, ಹುಷಾರಿಲ್ವೇನಮ್ಮಾ ಅಂದ. ತುಟಿ ಪಿಟಕ್ ಅನ್ನಲಿಲ್ಲ ನಾನು. ನಿಮ್ಮ ಭಾವ ಕಿರುಚಾಡಿದ್ರು, ಅವರಿಗೂ ಹೇಳ್ಲಿಲ್ಲ."

ಅವಳಿಗೆ ಅಳು ಒತ್ತರಿಸಿ ಬಂತು. ಅಕ್ಕ ಎಂದಿನಂತೆ ಬಾಯಿ ಬಿಟ್ಟಿದ್ದರೆ, ಪುಟ್ಟಿ ಫೋನು ಮಾಡಿದ್ಲು, ಏನೋ ಹೆದರ್ಕೊಂಡಿದಾಳೆ ಎಂದು ನಾಲ್ಕು ಜನರಿಗೆ ಹೇಳಿದ್ದರೆ, ಬೀದಿ ನಕ್ಕು ತನ್ನ ಕೆಲಸಕ್ಕೆ ಹೋಗುತ್ತಿತ್ತು. ಜನ್ಮದಲ್ಲಿ ಬಾಯಿ ಮುಚ್ಚದವಳು ಬಾಯಿ ಮುಚ್ಚಿದ್ದೇ ಬೀದಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿಯಾಗಿತ್ತು.

"ಬಾಗಿಲು ತೆಗಿ ಅಕ್ಕಾ."

"ಹಾಕು ಅಂದೋಳೂ ನೀನೇ, ತೆಗಿ ಅನ್ನೋಳೂ ನೀನೇ. ಯಾವುದನ್ನ ನಂಬಲಿ?"

"ಮೊದಲನೇದು ತಪ್ಪು. ನನ್ನದೇ ತಪ್ಪು. ಬುಲ್ಡೋಜರೂ ಇಲ್ಲ, ಏನೂ ಇಲ್ಲ."

"ಹೊರಗಡೆ ಪೊಲೀಸರಿದಾರಲ್ಲೇ."

"ನೀನು ಬಾಗಿಲು ಹಾಕಿದ್ದಕ್ಕೆ ಬಂದಿದಾರೆ."

ಅಕ್ಕ ಅವಳ ಮುಖವನ್ನೇ ನೋಡಿದಳು. ಒಂದು ಇಸ್ತ್ರಿ ಅಂಗಡಿಯ ಬಾಗಿಲಿಗೂ ಪೊಲೀಸರಿಗೂ ಎಲ್ಲಿಯ ಗಂಟು ಎಂದು ಅವಳಿಗೆ ತಿಳಿಯುವಂತಿರಲಿಲ್ಲ. ತಂಗಿ ಯಾವುದೋ ವಿಮಾ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಾಳೆ ಎಂದು ಅಕ್ಕ ನಂಬಿದ್ದಳು, ಬೀದಿಗೆಲ್ಲ ಹೇಳಿಕೊಂಡೂ ಬಂದಿದ್ದಳು.

"ಕೇಳ್ತಾರಲ್ಲ ಪುಟ್ಟಿ. ಯಾಕೆ ಮುಚ್ಚಿದ್ದೆ, ಯಾಕೆ ತೆಗೆದೆ ಅಂತ. ಏನು ಹೇಳ್ಲಿ?"

"ನೀನೇನೂ ಹೇಳ್ಬೇಡ. ನಾನು ಹೇಳ್ತೀನಿ."

ಬೀಗಗಳು ಹೊರಗಿದ್ದವು. ಅವಳು ಕೀಲಿ ತೆಗೆದುಕೊಂಡು ಓಣಿಯಿಂದ ಬಳಸಿ ಹೋಗಿ, ಜನರ ಬೆನ್ನ ಹಿಂದೆ ಬಗ್ಗಿ, ಎರಡೂ ಬೀಗ ತೆಗೆದಳು. ಒಳಗಿನಿಂದ ಅಕ್ಕ, ಹೊರಗಿನಿಂದ ಅವಳು ಒಟ್ಟಿಗೇ ಎತ್ತಿದರು. ಎಣ್ಣೆ ಕಾಣದ ಷಟರು ಸುತ್ತಿಕೊಳ್ಳುವಾಗ ಗುಡುಗಿದಂತಾಯಿತು. ಮುಂದಿದ್ದ ಪೊಲೀಸನೊಬ್ಬ ಬೆಚ್ಚಿ ಲಾಠಿ ಎತ್ತಿದ, ಜನ ಒಟ್ಟಾಗಿ ಹಿಂದೆ ತಿರುಗಿದರು. ಯಾರೋ ಇನ್ನೊಬ್ಬರ ಕಾಲು ತುಳಿದು ಕೂಗಿಕೊಂಡರು. ಒಂದು ಕ್ಷಣ ಎಲ್ಲವೂ ಆ ಕೂಗಿನ ಮೇಲೆ ನಿಂತಿತ್ತು. ಅಷ್ಟರಲ್ಲಿ ಅಕ್ಕ ಒಳಗೆ ದೀಪ ಹಾಕಿದಳು. ತೂಗಾಡುವ ಅಂಗಿಗಳು, ಮೇಜು, ಮೇಜಿನ ಮೇಲಿನ ಸುಟ್ಟ ಕಲೆಗಳ ಕಂಬಳಿ, ಎಲ್ಲ ಬೀದಿಗೆ ಕಂಡವು. ಪೊಲೀಸನು ಲಾಠಿ ಇಳಿಸಿದ.

ಮೊದಲು ಬಂದವನು ಚಪ್ಪಲಿ ಅಂಗಡಿ ಅಜ್ಜ. ಅವನ ಹಿಂದೆ ಟೀ ಅಂಗಡಿಯವಳು, ಭಾವ, ಮತ್ತೆ ಎಲ್ಲರೂ.

"ಏನಮ್ಮಾ ಇದು? ಮುಚ್ಚಿದ್ದು ಯಾಕೆ, ಈಗ ತೆಗೆದಿದ್ದು ಯಾಕೆ?" ಅಜ್ಜ ಅಕ್ಕನನ್ನು ಕೇಳಿದ. ಅಕ್ಕ ತಂಗಿಯ ಕಡೆ ನೋಡಿದಳು.

"ಮುಚ್ಚು ಅಂದಿದ್ದು ನಾನು ಅಜ್ಜಾ. ಬುಲ್ಡೋಜರ್ ಸುಳ್ಳು."

"ನಿನಗೆ ಯಾರು ಹೇಳಿದ್ರು?"

ಯಾರೋ ಹೇಳಿದರು ಎಂದುಬಿಡಬಹುದಿತ್ತು. ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಯಾರೋ ಹೇಳಿದರು ಎಂಬುದು ಬೆಳಗಿನಿಂದ ಈ ಬೀದಿ ಕೇಳುತ್ತಿದ್ದ ಮಾತೇ. ಅದರ ಮೇಲೆ ಇನ್ನೊಂದು ಪೇರಿಸಿದರೆ ಯಾರೂ ಕದಲುವುದಿಲ್ಲ. ಆಚೆ ಆಕಾಶ ಬಣ್ಣ ಕಳೆದುಕೊಳ್ಳುತ್ತಿತ್ತು.

"ನಾನು ವಿಮಾ ಕಚೇರಿಯಲ್ಲಿಲ್ಲ," ಎಂದಳು. "ಪೊಲೀಸ್ ಕಚೇರಿಯಲ್ಲಿದ್ದೆ. ಜನ ಫೋನಲ್ಲಿ ಬರೆಯೋದನ್ನೆಲ್ಲ ಓದೋ ಒಂದು ಯಂತ್ರ ಇದೆ ಅಲ್ಲಿ. ಎಲ್ಲಿ ಗಲಾಟೆ ಆಗತ್ತೆ ಅಂತ ಮೊದಲೇ ಹೇಳತ್ತೆ. ಬೆಳಿಗ್ಗೆ ಅದರಲ್ಲಿ ನಮ್ಮ ಬೀದಿ ಹೆಸರು ನೋಡಿ ಹೆದರಿ ಅಕ್ಕಂಗೆ ಮುಚ್ಚು ಅಂದೆ. ಅಕ್ಕ ಮುಚ್ಚಿದ್ದು ನೋಡಿ ನೀವೆಲ್ಲ ಮುಚ್ಚಿದ್ರಿ. ನೀವು ಮುಚ್ಚಿದ್ದು ನೋಡಿ ಪೊಲೀಸರು ಬಂದ್ರು. ಬೇರೇನೂ ಇಲ್ಲ."

ಭಾವನ ಕೈಯ ಸರಳು ನೆಲಕ್ಕೆ ತಾಗಿ ಸಣ್ಣಗೆ ಸದ್ದಾಯಿತು.

"ಓದೋದು ಯಂತ್ರಾನಾ?" ಎಂದ ಅಜ್ಜ.

"ಯಂತ್ರ ಓದತ್ತೆ. ಸರಿಯಾಗಿ ಓದಿದೆಯಾ ಅಂತ ನಾನು ಓದ್ತಿದ್ದೆ."

"ನಮ್ಮ ಬೀದೀದೂ?"

"ಎಲ್ಲಾ ಬೀದೀದೂ."

"ನಾನು ಬರೆದಿದ್ದೂ?"

ಹೌದೆಂದು ತಲೆಯಾಡಿಸಿದಳು. ಹೆಂಡತಿ ಸತ್ತ ಮೇಲೆ ಅಜ್ಜ ದಿನಾ ಬೆಳಿಗ್ಗೆ ಅವಳ ಹೆಸರು ಹಿಡಿದು ಬೀದಿಯ ಪುಟದಲ್ಲಿ ಎರಡು ಸಾಲು ಬರೆಯುತ್ತಿದ್ದ. ಗಿಣಿ ಅದನ್ನು ಏನೆಂದು ತಿಳಿಯದೆ ಪ್ರತಿದಿನ ಎತ್ತಿ ತರುತ್ತಿತ್ತು. ಊರಿಗೆ ಸಂಬಂಧವಿಲ್ಲ ಎಂದು ಅವಳು ಪ್ರತಿದಿನ ತಳ್ಳಿಬಿಡುತ್ತಿದ್ದಳು.

"ಎಲ್ಲರಿಗೂ ಕಾಣೋ ಹಾಗೆ ಬರೆದಿದ್ದು ಮಾತ್ರ ಅಜ್ಜಾ," ಎಂದಳು. ಹೇಳುವಾಗಲೇ ಅದು ಎಷ್ಟು ಬಡಕಲು ಮಾತು ಎಂದು ತಿಳಿಯಿತು.

"ಎಲ್ಲರಿಗೂ ಅಂದ್ರೆ ನಮ್ಮೋರಿಗೆ ಅಂದ್ಕೊಂಡಿದ್ದೆ," ಎಂದ ಅಜ್ಜ. ಅವನಿಗೆ ಸಿಟ್ಟು ಬಂದಂತಿರಲಿಲ್ಲ. ಬೈದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು.

ಆದರೆ ಬೀದಿ ಅವಳನ್ನು ನಂಬಿತು. ತನ್ನ ಮುಖಕ್ಕೆ ತಾನೇ ಮಸಿ ಬಳಿದುಕೊಳ್ಳುವಂಥ ಸುಳ್ಳನ್ನು ಯಾರೂ ಹೇಳುವುದಿಲ್ಲ ಎಂದು ಅಲ್ಲಿ ನಿಂತವರಿಗೆಲ್ಲ ಗೊತ್ತಿತ್ತು. ಅಜ್ಜ ತಿರುಗಿ ತನ್ನ ಅಂಗಡಿಗೆ ನಡೆದ. ಅವನ ಷಟರು ಮೇಲೆ ಹೋಯಿತು. ಆಮೇಲೆ ಟೀ ಅಂಗಡಿಯದು, ಆಚೆಯವರದು. ಮೂಲೆಯಲ್ಲಿದ್ದ ಗುಂಪು ಒಬ್ಬೊಬ್ಬರಾಗಿ ಕರಗಿತು. ಹೊರಬೀದಿಗಳಿಂದ ಬಂದಿದ್ದವರು ಏನೂ ಆಗಲಿಲ್ಲವಲ್ಲ ಎಂಬ ಮುಖ ಮಾಡಿಕೊಂಡು ಹೋದರು. ಬೀದಿ ದೀಪಗಳು ಹತ್ತಿಕೊಂಡವು. ವ್ಯಾನುಗಳಲ್ಲಿ ಒಂದು ಹಿಂದೆ ಸರಿದು ತಿರುಗಿಕೊಂಡಿತು. ಅವಳ ಮುಂದೆ ಹಾದುಹೋಗುವವರು ಮಾತಾಡಿಸಲಿಲ್ಲ. ಚಿಕ್ಕಂದಿನಿಂದ ಅವಳನ್ನು ಪುಟ್ಟಿ ಎಂದೇ ಕರೆಯುತ್ತಿದ್ದ ಟೀ ಅಂಗಡಿಯವಳು, ಟೀ ಬೇಕಾ ಎಂದು ಅಕ್ಕನನ್ನು ಮಾತ್ರ ಕೇಳಿ, ಒಂದೇ ಲೋಟ ತಂದಿಟ್ಟು ಹೋದಳು.

"ನಾಳೆ ಬೆಳಿಗ್ಗೆಗೆ ಅಂಗಿ ಬೇಕಿತ್ತು," ಎನ್ನುತ್ತ ಗಿರಾಕಿಯೊಬ್ಬ ಬಂದ. ಅಕ್ಕ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಳು. ಭಾವ ಸರಳನ್ನು ಎಲ್ಲಿಡಬೇಕೆಂದು ತಿಳಿಯದೆ ಬಾಗಿಲ ಹಿಂದೆ, ಬಾಗಿಲ ಮುಂದೆ ಓಡಾಡಿದ.

"ಕೆಲಸ ಹೋಯ್ತೇನೇ?" ಅಕ್ಕ ತಲೆಯೆತ್ತದೆ ಕೇಳಿದಳು.

"ಹೋಯ್ತು ಅಂತ ಕಾಣತ್ತೆ."

"ಹೋದ್ರೆ ಹೋಗ್ಲಿ ಬಿಡು. ರಾತ್ರಿ ಇಲ್ಲೇ ಊಟ ಮಾಡ್ಕೊಂಡು ಹೋಗು."

"ಆಯ್ತು."

ಅಕ್ಕ ಅಂಗಿಯ ಕಾಲರಿಗೆ ನೀರು ಚಿಮುಕಿಸಿದಳು. ಬಿಸಿಬಟ್ಟೆಯ ವಾಸನೆ ಎದ್ದಿತು. ಬೀದಿಯ ಪುಟದಲ್ಲಿ ಯಾರ್ಯಾರೋ ಬರೆಯುತ್ತಲೇ ಇದ್ದರು; ಮೇಜಿನ ಮೇಲಿದ್ದ ಅಕ್ಕನ ಫೋನು ಬಿಟ್ಟುಬಿಟ್ಟು ಗುಂಯ್‌ಗುಡುತ್ತಿತ್ತು, ಪರದೆ ಹತ್ತಿ ಆರುತ್ತಿತ್ತು. ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಬದಿಗಿಟ್ಟು, ಫೋನು ಕೈಗೆತ್ತಿಕೊಂಡಳು. ತಂಗಿಯ ಕಡೆ ಒಮ್ಮೆ ನೋಡಿದಳು. ಓದಲಿಲ್ಲ. ಮೇಜಿನ ಆಚೆ ತುದಿಯಲ್ಲಿ ಅದನ್ನು ಮಗುಚಿ ಇಟ್ಟು, ಮುಂದಿನ ಅಂಗಿ ಹರಡಿದಳು.